ಎಲೆಗೆ ತೂತು ಬೀಳಲಿ

(ದಿವಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇಂದು ನಾನು ಕರಿಬೇವಿನ ಗಿಡದ ಬಗ್ಗೆ ಮಾತಾಡಲಿದ್ದೇನೆ. ಕನ್ನಡದ ದತ್ತಿ ಉಪನ್ಯಾಸಕ್ಕೆ ಇದು ಸಣ್ಣ ವಿಷಯ ಎಂದು ಯಾರಿಗಾದರೂ ಅನ್ನಿಸಿದ್ದರೆ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ ಅವರ ‘ಹಸಿರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಮರಗಳ ಸಂಗತಿಯನ್ನು ಸಾಹಿತ್ಯದ ಮಟ್ಟಕ್ಕೆ ಏರಿಸಿದ ಭಾಷೆ ನಮ್ಮದು. ಪೂರ್ಣಚಂದ್ರ ತೇಜಸ್ವಿ ಅವರನ್ನು ಓದಿ ಬೆಳೆದ ತಲೆಮಾರಂತೂ ಹಕ್ಕಿ, ಹುಳು, ಜೇನು ಸಾಹಿತ್ಯಕ್ಕೆ ಹೊರಗು ಎಂದು ಒಪ್ಪಲಾರದು.

ದಿವಾ ಎಂದರೆ ನಮ್ಮಲ್ಲಿ ಬಹುಮಂದಿಗೆ ಒಂದು ಜಂಕ್ಷನ್ ಅಷ್ಟೇ. ಮಂಗಳೂರಿನ ಕಡೆ ಹೊರಟ ಮತ್ಸ್ಯಗಂಧ ರೈಲು ಮುಖ್ಯ ಮಾರ್ಗ ಬಿಟ್ಟು ಪನ್ವೇಲಿನತ್ತ ತಿರುಗುವುದು ಇಲ್ಲೇ. ಭಿವಂಡಿ, ವಸಯಿಗಳ ಹಳಿ ಕವಲೊಡೆಯುವುದೂ ಇಲ್ಲೇ. ಆದರೆ ಹಳಿಯ ಆಚೀಚೆ ಸಾಬೆ, ದಾತಿವಲಿ, ಆಗಾಸನ, ಬೇತವಡೆ ಎಂಬ ಹಳ್ಳಿಗಳಿವೆ. ಆಗ್ರಿ ಮತ್ತು ಕೋಳಿ ಜನ ಭತ್ತ ಬೆಳೆದ, ಮೀನು ಹಿಡಿದ ನೆಲ ಇದು. ಒಂದು ಕಡೆ ಪಾರಸಿಕ್ ಗುಡ್ಡ, ಇನ್ನೊಂದು ಕಡೆ ಉಲ್ಹಾಸ್ ನದಿಯ ಖಾಡಿ, ಅದರ ದಂಡೆಗೆ ಕಾಂಡ್ಲಾ ಕಾಡು. ಸ್ವಲ್ಪ ಕೆಳಗೆ ಹೋದರೆ ಠಾಣೆ ಖಾಡಿ. ಅದರ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಪಶ್ಚಿಮಕ್ಕೆ ಯೇವೂರಿನ ಬೆಟ್ಟ ಮತ್ತು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಇಷ್ಟು ಸಂಪತ್ತಿನ ನಡುವೆ ನಾವು ಗೋಡೆಗೆ ಗೋಡೆ ತಾಗುವ ಹಾಗೆ ಕಟ್ಟಡ ಕಟ್ಟಿಕೊಂಡು ಕುಳಿತಿದ್ದೇವೆ. ಗುಡ್ಡದಿಂದ ಹೊರಟ ಒಂದು ಚಿಟ್ಟೆ ಖಾಡಿಯ ಕಡೆ ಬರಬೇಕಾದರೆ ನಡುವೆ ಮೊಟ್ಟೆಯಿಡಲು ಅದಕ್ಕೊಂದು ಎಲೆ ಬೇಕು. ಆ ಎಲೆಯನ್ನು ನಾವು ಕೊಡಬಲ್ಲೆವು. ನಮ್ಮಲ್ಲಿ ಅನೇಕರು ತಿಳಿಯದೆಯೇ ಕೊಡುತ್ತಲೂ ಇದ್ದೇವೆ.

ಊರು ಬಿಟ್ಟು ಬಂದ ಕನ್ನಡ ಮನೆಗಳಲ್ಲಿ ಹಿತ್ತಿಲು ಉಳಿಯಲಿಲ್ಲ, ಆದರೆ ಹಿತ್ತಿಲಿನ ಗಿಡಗಳು ಉಳಿದವು. ಚಾಳಿನ ಪಡಸಾಲೆಯಲ್ಲಿ, ಮೂರನೆಯ ಮಾಳಿಗೆಯ ಕಿಟಕಿ ಗ್ರಿಲ್ಲಿನಲ್ಲಿ, ಹಳೆಯ ಎಣ್ಣೆ ಡಬ್ಬದಲ್ಲಿ ಕರಿಬೇವು, ತುಳಸಿ, ಪತ್ರೊಡೆಗೆ ಕೆಸು, ಕಂಬಿಗೆ ಹಬ್ಬಿಸಿದ ಬಸಳೆ, ಒಂದು ನಿಂಬೆ ಗಿಡ ಇರುತ್ತವೆ. ದೇವಸ್ಥಾನದ ಅಂಗಳದಲ್ಲಿ ಬಿಲ್ವ, ಎಕ್ಕ, ಸಂಪಿಗೆ, ಕಣಗಿಲು. ಅಡುಗೆಗೂ ಪೂಜೆಗೂ ನಾವು ಸಾಕಿಕೊಂಡ ಈ ಗಿಡಗಳ ಪಟ್ಟಿಯನ್ನು ಚಿಟ್ಟೆಶಾಸ್ತ್ರ ಬಲ್ಲವರ ಮುಂದೆ ಇಟ್ಟು ನೋಡಿ, ಅವರಿಗೆ ಬಹಳ ಸಂತೋಷವಾಗುತ್ತದೆ. ಹಾಗೇಕೆ ಎಂದು ತಿಳಿಯಲು ಕರಿಬೇವಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಕಪ್ಪು ರೆಕ್ಕೆಯ ಮೇಲೆ ನಸುಹಳದಿ ಚುಕ್ಕೆಗಳಿರುವ ನಿಂಬೆ ಚಿಟ್ಟೆಯನ್ನು ನೀವು ನೋಡಿರುತ್ತೀರಿ. ಅದರ ಹೆಣ್ಣು ಗಿಡದಿಂದ ಗಿಡಕ್ಕೆ ಹಾರುತ್ತ ಮುಂಗಾಲಿನಿಂದ ಎಲೆಯನ್ನು ತಟ್ಟಿ ನೋಡುತ್ತದೆ. ಅದರ ಕಾಲಿಗೇ ರುಚಿ ತಿಳಿಯುತ್ತದೆ. ನಿಂಬೆ, ಕರಿಬೇವು, ಬಿಲ್ವ ಇವೆಲ್ಲ ಒಂದೇ ಕುಲದ ಗಿಡಗಳು. ಆ ಕುಲದ ಎಲೆ ಎಂದು ಖಾತ್ರಿಯಾದರೆ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು ಹೋಗುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಹುಳು ಕಪ್ಪು ಬಿಳುಪಾಗಿ, ಹಕ್ಕಿಯ ಹಿಕ್ಕೆ ಬಿದ್ದಂತೆ ಕಾಣುತ್ತದೆ. ಹಕ್ಕಿ ಅದನ್ನು ಮುಟ್ಟುವುದಿಲ್ಲ. ಬೆಳೆದ ಮೇಲೆ ಅದೇ ಹುಳು ಎಲೆಯ ಹಸಿರಿಗೆ ತಿರುಗುತ್ತದೆ. ಬೆರಳು ತಾಗಿಸಿದರೆ ತಲೆಯ ಹಿಂಬದಿಯಿಂದ ಕವಲೊಡೆದ ಕೋಡೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮನುಷ್ಯರಿಗೆ ಅದರಿಂದ ಏನೂ ಆಗದು, ಇದು ಮೈ ತುರಿಸುವ ಕಂಬಳಿಹುಳವಲ್ಲ. ಆಮೇಲೆ ಒಂದು ಕಡ್ಡಿಗೆ ನೂಲಿನ ಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಸುತ್ತಲಿನ ಬಣ್ಣ ನೋಡಿ ಕೋಶ ಹಸಿರಾಗಲೂಬಹುದು, ಕಂದಾಗಲೂಬಹುದು. ಮೊಟ್ಟೆಯಿಂದ ರೆಕ್ಕೆಯವರೆಗೆ ಎಲ್ಲವೂ ಹೆಚ್ಚು ಕಡಿಮೆ ಒಂದು ತಿಂಗಳ ಒಳಗೆ, ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಡೆದು ಮುಗಿಯುತ್ತದೆ. ಕಾಮನ್ ಮಾರ್ಮನ್ ಎಂಬ ಇನ್ನೊಂದು ಕಪ್ಪು ಚಿಟ್ಟೆಯೂ ಇದೇ ಕರಿಬೇವಿಗೆ ಬರುತ್ತದೆ. ಮಹಾರಾಷ್ಟ್ರ 2015ರಲ್ಲಿ ನೀಲಿ ಮಾರ್ಮನ್ ಅನ್ನು ರಾಜ್ಯದ ಚಿಟ್ಟೆ ಎಂದು ಘೋಷಿಸಿತು, ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದೇ. ಆ ದೊಡ್ಡ ನೀಲಿ ರೆಕ್ಕೆಯ ರಾಜ್ಯಚಿಟ್ಟೆಯ ಹುಳುವೂ ನಿಂಬೆಯ ಕುಲದ ಎಲೆಯನ್ನೇ ತಿಂದು ಬೆಳೆಯುತ್ತದೆ.

ನಾವೇನು ಮಾಡುತ್ತೇವೆ? ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧದ ಬಾಟಲಿ ಹುಡುಕುತ್ತೇವೆ. ಎಲೆಗೆ ತೂತು ಬೀಳಬಾರದು ಎನ್ನುವ ಹಟ ಬಿಡದೆ ಚಿಟ್ಟೆ ಬರಲಿ ಎಂದು ಬಯಸುವುದರಲ್ಲಿ ಅರ್ಥವಿಲ್ಲ. ಹೂವಿಗೆ ಚಿಟ್ಟೆ ಬರುವುದು ಮಕರಂದ ಕುಡಿಯಲು. ಆ ಹೂವು ಎಲ್ಲಿಯದಾದರೂ ಆದೀತು, ಆಫ್ರಿಕದ ಪೆಂಟಾಸ್ ಆದರೂ ನಮ್ಮ ಕೇಪಳವಾದರೂ ನಡೆಯುತ್ತದೆ. ಆದರೆ ಹುಳು ಹಾಗಲ್ಲ. ಲಕ್ಷಾಂತರ ವರ್ಷಗಳಿಂದ ಒಂದು ಕುಲದ ಎಲೆಯ ರಸಕ್ಕೆ ಒಗ್ಗಿಕೊಂಡ ಹುಳುವಿಗೆ ಬೇರೆ ಎಲೆ ಕೊಟ್ಟರೆ ಅದು ಹಸಿದೇ ಸಾಯುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಜೀವಸ್ನೇಹಿ ತೋಟದಲ್ಲಿ ಹೂವಿನ ಸ್ಥಾನ ಎರಡನೆಯದು, ಮೊದಲನೆಯದು ತಿನ್ನಲು ಬಿಟ್ಟುಕೊಟ್ಟ ಎಲೆಯದು.

ಒಂದು ನಿಜವನ್ನು ಇಲ್ಲೇ ಹೇಳಬೇಕು. ಚಿಕ್ಕ ಕುಂಡದ ಕರಿಬೇವಿಗೆ ನಾಲ್ಕೈದು ಹುಳು ಬಿದ್ದರೆ ಅವು ಗಿಡವನ್ನು ಬೋಳು ಮಾಡಿಬಿಡುತ್ತವೆ. ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಆ ವಾರ ಒಗ್ಗರಣೆಗೆ ಎಲೆ ಇರುವುದಿಲ್ಲ. ಸಾಧ್ಯವಿದ್ದವರು ಎರಡು ಕುಂಡ ಇಟ್ಟು, ಒಂದರ ಹುಳುವನ್ನು ಮೆಲ್ಲಗೆ ಇನ್ನೊಂದಕ್ಕೆ ದಾಟಿಸಿದರೆ ಸಾಕು.

ಮಿಕ್ಕ ಗಿಡಗಳನ್ನು ಬೇಗ ನೋಡಿಬಿಡೋಣ. ಹಳಿಯ ಪಕ್ಕದಲ್ಲಿ ತಾನೇ ಹುಟ್ಟುವ ಎಕ್ಕದ ಮೇಲೆ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಬೆಳೆಯುತ್ತದೆ. ಎಕ್ಕದ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅದರ ಗೋಜಿಗೆ ಹೋಗುವುದಿಲ್ಲ. ಎಕ್ಕದ ಗಟ್ಟಿ ಹೂವಿಗೆ ಬರುವುದು ದೊಡ್ಡ ಕರಿದುಂಬಿ. ಸೊಸೈಟಿಯ ಗೋಡೆಗುಂಟ ಸಾಲಾಗಿ ನೆಟ್ಟ ಉದ್ದನೆಯ ಅಶೋಕ ಮರವನ್ನು ಯಾರೂ ಗಮನಿಸುವುದಿಲ್ಲ, ಆದರೆ ಕಪ್ಪು ರೆಕ್ಕೆಗೆ ಹಸಿರು ಚುಕ್ಕೆಯ ಟೇಲ್ಡ್ ಜೇ ಚಿಟ್ಟೆಗೆ ಅದು ತವರು. ಸಂಪಿಗೆಯೂ ಅದಕ್ಕೆ ಆಗುತ್ತದೆ. ಕಣಗಿಲಿನ ಎಲೆಯಡಿ ಬೆಳ್ಳಿಯ ಹಾಗೆ ಹೊಳೆಯುವ ಕೋಶ ತೂಗುತ್ತಿದ್ದರೆ ಅದು ಕಾಮನ್ ಕ್ರೋ ಚಿಟ್ಟೆಯದು. ಮಾವಿನೆಲೆಯ ನಡುನರಕ್ಕೆ ಮೈಯ ಗೆರೆಯನ್ನು ಸರಿಯಾಗಿ ಹೊಂದಿಸಿ ಮಲಗಿರುವ ಹುಳು ಕಾಮನ್ ಬ್ಯಾರನ್‌ನದು, ಅದನ್ನು ಕಂಡುಹಿಡಿಯುವುದು ಕಷ್ಟ. ಈಶ್ವರಿ ಬಳ್ಳಿ ಸಿಕ್ಕಿದರೆ ಬಿಡಬೇಡಿ. ನಮ್ಮ ಕರ್ನಾಟಕದ ರಾಜ್ಯಚಿಟ್ಟೆಯಾದ ಸಹ್ಯಾದ್ರಿಯ ದೊಡ್ಡ ಬರ್ಡ್‌ವಿಂಗ್ ಅದರ ಕುಲವನ್ನೇ ನಂಬಿದೆ, ಇಲ್ಲಿಯ ಕ್ರಿಮ್ಸನ್ ರೋಸ್ ಚಿಟ್ಟೆ ಕೂಡ. ತುಳಸಿಯ ಕದಿರನ್ನು ಎಲ್ಲ ಚಿವುಟಬೇಡಿ, ಎರಡನ್ನಾದರೂ ಜೇನಿಗೆ ಬಿಡಿ. ಕೋಲುಜೇನು ಪೇಟೆಯ ಕಿಟಕಿಗೂ ಬರುತ್ತದೆ.

ಈಗ ಹಕ್ಕಿಯ ವಿಷಯ. ಗುಬ್ಬಚ್ಚಿ ಎಲ್ಲಿ ಹೋಯಿತು ಎಂದು ನಮ್ಮ ಸಭೆಗಳಲ್ಲಿ ಯಾವಾಗಲೂ ಕೇಳುತ್ತಾರೆ. ನಾಸಿಕದ ಮೊಹಮ್ಮದ್ ದಿಲಾವರ್ ಅವರ ಪ್ರಯತ್ನದಿಂದ 2010ರಿಂದ ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನವಾಗಿದೆ. ಆ ದಿನ ಮರದ ಗೂಡು ಹಂಚುತ್ತೇವೆ, ಕಾಳು ಇಡುತ್ತೇವೆ. ಒಳ್ಳೆಯದು. ಆದರೆ ದೊಡ್ಡ ಗುಬ್ಬಿ ಕಾಳು ತಿಂದರೂ ಅದರ ಎಳೆಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಹೂವಿನ ರಸ ಕುಡಿಯುವ ಸೂರಕ್ಕಿ ಕೂಡ ಮರಿಗೆ ಕೊಡುವುದು ಜೇಡ ಮತ್ತು ಹುಳುಗಳನ್ನು. ಪಿಕಳಾರ, ಟುವ್ವಿ ಹಕ್ಕಿ, ಮಡಿವಾಳ ಎಲ್ಲವಕ್ಕೂ ಇದೇ ಕತೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡಗ್ ಟ್ಯಾಲಮಿ ಅವರು ಹೇಳುವಂತೆ, ಅಲ್ಲಿಯ ಚಿಕಡೀ ಎಂಬ ಪುಟ್ಟ ಹಕ್ಕಿ ಒಂದು ಸಂಸಾರದ ಮರಿಗಳನ್ನು ಗೂಡಿನಿಂದ ಹಾರಿಸುವಷ್ಟರಲ್ಲಿ 6000ದಿಂದ 9000 ಎಲೆಹುಳುಗಳನ್ನು ಹಿಡಿದು ತರುತ್ತದೆ. ನಮ್ಮ ಹಕ್ಕಿಗಳ ಲೆಕ್ಕ ಬೇರೆ ಇದ್ದೀತು, ಆದರೆ ತಿನ್ನಿಸಿಕೊಂಡ ಎಲೆ ಇಲ್ಲದ ಊರಿನಲ್ಲಿ ಮರಿ ಬದುಕುವುದಿಲ್ಲ ಎನ್ನುವ ಮಾತು ಎಲ್ಲ ಕಡೆಗೂ ಒಂದೇ.

ಪಾರಿವಾಳ ಮಾತ್ರ ಈ ಕಾಂಕ್ರೀಟಿನಲ್ಲಿ ಹೇಗೆ ಹೆಚ್ಚಿತು? ಅದು ತನ್ನ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ದ್ರವವನ್ನು ಮರಿಗೆ ಕುಡಿಸುತ್ತದೆ. ಮರಿ ಸಾಕಲು ಅದಕ್ಕೆ ಹುಳು ಬೇಡ, ಮರ ಬೇಡ. ನಾವು ಎರಚುವ ಕಾಳು ಮತ್ತು ಎ.ಸಿ. ಡಬ್ಬದ ಹಿಂದಿನ ಜಾಗ ಸಾಕು. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ದಾದರಿನ ಕಬೂತರಖಾನೆಯನ್ನು ಮುಚ್ಚಿದಾಗ ಎಷ್ಟು ಗಲಾಟೆಯಾಯಿತು ಎಂದು ನೀವೆಲ್ಲ ಬಲ್ಲಿರಿ. ಕಾಳು ಹಾಕುವವರ ಭಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೀಲಗಟ್ಟಲೆ ಜೋಳದಿಂದ ಬೆಳೆಯುವುದು ಒಂದೇ ಜಾತಿಯ ಹಕ್ಕಿ. ಅದೇ ಹಣದಲ್ಲಿ ಒಂದು ಅತ್ತಿಯ ಸಸಿ ನೆಟ್ಟು ಬೆಳೆಸಿದರೆ ಕುಟ್ರುಹಕ್ಕಿ, ಕೋಗಿಲೆ, ಬಾವಲಿ, ಮಹಾರಾಷ್ಟ್ರದ ರಾಜ್ಯಪಕ್ಷಿಯಾದ ಹಳದಿ ಕಾಲಿನ ಹಸಿರು ಪಾರಿವಾಳ ಇವಕ್ಕೆಲ್ಲ ಊಟ ಸಿಗುತ್ತದೆ. ಪುಣ್ಯದ ಲೆಕ್ಕದಲ್ಲೂ ಇದು ಹೆಚ್ಚಿನದೆಂದು ನಾನು ನಂಬುತ್ತೇನೆ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಕಿತ್ತು ಎಸೆಯುತ್ತೇವಲ್ಲ, ಅವನ್ನು ಬೇರುಸಹಿತ ತೆಗೆದು ಕುಂಡದಲ್ಲಿಟ್ಟು, ಮಳೆ ಬಿದ್ದಾಗ ಬಯಲಲ್ಲಿ ನೆಡಬಹುದು.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಎರಡು ಜಾಗಗಳನ್ನು ತೋರಿಸುತ್ತೇನೆ. ಒಂದು ನಮ್ಮ ಠಾಣೆಯಲ್ಲೇ ಇದೆ. ಘೋಡ್‌ಬಂದರ್ ರಸ್ತೆಯ ಓವಳೆಯಲ್ಲಿ ರಾಜೇಂದ್ರ ಓವಳೇಕರ್ ಎಂಬ ಕ್ರೀಡಾಶಿಕ್ಷಕರು ಮನೆತನದ ಎರಡು ಎಕರೆ ಹೊಲದಲ್ಲಿ ಚಿಟ್ಟೆಗಳ ಆಹಾರ ಸಸ್ಯಗಳನ್ನು ಹುಡುಕಿ ತಂದು ನೆಟ್ಟರು. ಸುತ್ತಲಿನ ಭೂಮಿ ಎತ್ತರದ ಕಟ್ಟಡಗಳಾಗುತ್ತ ಬಂದ ಕಾಲದಲ್ಲಿ ಅವರು ಈ ಕೆಲಸ ಮಾಡಿದರು. ಇಂದು ಓವಳೇಕರ್ ವಾಡಿಯಲ್ಲಿ ನೂರಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳು ದಾಖಲಾಗಿವೆ. ಬಲೆಯಿಲ್ಲ, ಗಾಜಿನ ಮನೆಯಿಲ್ಲ; ಎಲೆಯನ್ನು ಅರಸಿ ಅವು ತಾವೇ ಬಂದವು. ಎರಡನೆಯದು ನಮ್ಮ ಊರ ಕಡೆಯದು. ಮೂಡುಬಿದಿರೆ ಸಮೀಪದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ಏಳು ಎಕರೆಗೂ ಮಿಕ್ಕ ಸ್ವಂತ ಜಾಗದಲ್ಲಿ 2011ರಲ್ಲಿ ಇಂಥದೇ ಕೆಲಸ ಆರಂಭಿಸಿ, 2013ರಲ್ಲಿ ಸಾರ್ವಜನಿಕರಿಗೆ ತೆರೆದರು. ಮಳೆಗಾಲದಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಯಾವ ಚಿಟ್ಟೆಗೆ ಯಾವ ಎಲೆ ಎಂದು ಓದಿ ತಿಳಿಯಬೇಕೆನ್ನುವವರಿಗೆ ನವಿ ಮುಂಬಯಿಯ ಐಸಾಕ್ ಕೆಹಿಮ್ಕರ್ ಭಾರತದ ಚಿಟ್ಟೆಗಳನ್ನು ಕುರಿತು ಬರೆದು 2008ರಲ್ಲಿ ಬಂದ ಇಂಗ್ಲಿಷ್ ಪುಸ್ತಕವಿದೆ. ಕನ್ನಡದಲ್ಲಿ ಅಂಥದೊಂದು ಪುಸ್ತಕವನ್ನು ಮುಂಬಯಿ ಕನ್ನಡಿಗರೇ ತರಬಾರದೇಕೆ?

ಎರಡು ಎಕರೆ ನಮಗೆಲ್ಲಿದೆ ಎಂದು ನೀವು ಕೇಳುತ್ತೀರಿ. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಜೆನಿಫರ್ ಓವೆನ್ ಎಂಬ ವಿಜ್ಞಾನಿ ತಮ್ಮ ಸಾಧಾರಣ ಮನೆಯ ತೋಟದಲ್ಲಿ 1972ರಿಂದ ಮೂವತ್ತು ವರ್ಷ ಕಂಡದ್ದನ್ನೆಲ್ಲ ಬರೆದಿಟ್ಟರು. ಗುಂಟೆಯ ಲೆಕ್ಕದಲ್ಲಿ ಏಳೂವರೆ ಗುಂಟೆಯೂ ಇಲ್ಲದ ಆ ಜಾಗದಲ್ಲಿ 2673 ಜಾತಿಯ ಜೀವಿಗಳು ಸಿಕ್ಕವು, ಅದರಲ್ಲಿ ಸುಮಾರು ಎರಡು ಸಾವಿರ ಕೀಟಗಳೇ. ಅಲ್ಲಿ ವರ್ಷದ ಅರ್ಧ ಚಳಿ. ನಮ್ಮಲ್ಲಿ ನಾಲ್ಕು ತಿಂಗಳ ಮಳೆ, ಉಳಿದದ್ದು ಬಿಸಿಲು. ಒಂದು ಸೊಸೈಟಿಯ ಹಿಂಭಾಗದಲ್ಲಿ ನೀರಿನ ಟಾಕಿಯ ಸುತ್ತ ಇರುವ ಪಟ್ಟಿ ಜಾಗದಲ್ಲಿ ಏನೆಲ್ಲ ಇದ್ದೀತು ಎಂದು ಯಾರೂ ಬರೆದಿಟ್ಟಿಲ್ಲ. ನಿವೃತ್ತರಾದ ನಮ್ಮ ಶಿಕ್ಷಕ ಬಂಧುಗಳು ಒಂದು ನೋಟ್‌ಬುಕ್ ಹಿಡಿದು ಇದನ್ನು ಶುರು ಮಾಡಬಹುದು.

ಸೊಸೈಟಿಯ ಮೀಟಿಂಗಿನಲ್ಲಿ ಬರುವ ಆಕ್ಷೇಪಗಳು ನನಗೂ ಗೊತ್ತು. ಅವು ಪೊಳ್ಳು ಭಯಗಳಲ್ಲ. ಡೆಂಗಿ ಬರುವ ಊರಿನಲ್ಲಿ ಹಕ್ಕಿಗೆ ನೀರಿಡುವುದು ಹೇಗೆ? ಸೊಳ್ಳೆಯ ಮೊಟ್ಟೆ ರೆಕ್ಕೆಯಾಗಲು ಸುಮಾರು ಒಂದು ವಾರ ಬೇಕು. ದಿನ ಬಿಟ್ಟು ದಿನ ನೀರು ಚೆಲ್ಲಿ ತಟ್ಟೆ ಉಜ್ಜಿದರೆ ಒಂದು ಸೊಳ್ಳೆಯೂ ಅಲ್ಲಿ ಹುಟ್ಟದು. ಕುಂಡದ ಕೆಳಗಿನ ತಟ್ಟೆಗೂ ಇದೇ ನಿಯಮ. ಹಾವು ಬರುತ್ತದೆ ಎನ್ನುತ್ತಾರೆ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ಬಯಲಲ್ಲಿ ಎಸೆದ ಎಂಜಲಿಗಾಗಿ. ಮೊದಲು ಎಂಜಲು ಎಸೆಯುವುದನ್ನು ನಿಲ್ಲಿಸಬೇಕು. ಕಲ್ಲಿನ ಸಂದಿಯಲ್ಲಿ ಓಡಾಡುವ ಹಾವುರಾಣಿಯನ್ನು ಹಾವೆಂದು ಹೊಡೆಯಬೇಡಿ, ಅದು ಹುಳು ತಿನ್ನುವ ನಿರಪಾಯ ಹಲ್ಲಿಯ ಜಾತಿ. ದಿವಾದಲ್ಲಿ ಕುಡಿಯುವ ನೀರಿಗೇ ಪರದಾಟವಿದೆ, ಗಿಡಕ್ಕೆ ಎಲ್ಲಿಂದ ಎಂದರೆ ಅಕ್ಕಚ್ಚು ಇದೆಯಲ್ಲ! ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ನಾಲ್ಕು ಕುಂಡಕ್ಕೆ ಧಾರಾಳ.

ಔಷಧದ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಇಮಿಡಾಕ್ಲೊಪ್ರಿಡ್‌ನಂಥ ವಿಷವನ್ನು ಮಣ್ಣಿಗೆ ಹಾಕಿದರೆ ಅದು ಬೇರಿನಿಂದ ಏರಿ ಎಲೆ, ಪರಾಗ, ಮಕರಂದಗಳಲ್ಲಿ ಕೂರುತ್ತದೆ. ಕರಿಬೇವಾದರೆ ನಮ್ಮ ಸಾರಿನಲ್ಲೂ. ಜೇನುಗಳಿಗೆ ಆಗುವ ಹಾನಿಯನ್ನು ನೋಡಿ ಐರೋಪ್ಯ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರು ವಿಷಗಳನ್ನು ಬಯಲಿನ ಬೆಳೆಗಳಿಗೆ ನಿಷೇಧಿಸಿತು. ನರ್ಸರಿಯಿಂದ ಗಿಡ ತರುವಾಗ ಏನು ಸಿಂಪಡಿಸಿದ್ದೀರಿ ಎಂದು ಕೇಳಿ. ಇನ್ನೊಂದು ಮಾತು ಛಾಟಣಿಯದು. ಮಳೆಗೆ ಮುಂಚೆ ಕೊಂಬೆ ಕತ್ತರಿಸುವ ಏಪ್ರಿಲ್, ಮೇ ತಿಂಗಳಲ್ಲೇ ಕಾಗೆಯೂ ಇತರ ಹಕ್ಕಿಗಳೂ ಗೂಡು ಕಟ್ಟಿರುತ್ತವೆ. ಅಪಾಯದ ಕೊಂಬೆ ಕತ್ತರಿಸಲೇಬೇಕು. ಗೂಡಿರುವ ಕೊಂಬೆಯನ್ನು ಮರಿ ಹಾರುವವರೆಗೆ ಬಿಡಿ ಎಂದು ಹೇಳಲು ಒಬ್ಬರು ಕೆಳಗೆ ನಿಂತಿದ್ದರೆ ಸಾಕು. ನಗರದ ಮರಗಳ ರಕ್ಷಣೆಗೆ ಈ ರಾಜ್ಯದಲ್ಲಿ 1975ರಿಂದಲೇ ಕಾನೂನಿದೆ, ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಉದುರಿದ ಎಲೆಗೆ ಬೆಂಕಿ ಹಚ್ಚುವುದನ್ನೂ ನಿಲ್ಲಿಸಬೇಕು. ಮರದ ಬುಡಕ್ಕೆ ಅದನ್ನೇ ಹರಡಿದರೆ ಗೊಬ್ಬರ.

ಕೊನೆಯದಾಗಿ, ದಿವಾದ ಹೆಸರು ಬಹುಕಾಲ ಕಸದ ರಾಶಿಗೆ ಅಂಟಿಕೊಂಡಿತ್ತು. ಠಾಣೆಯ ಕಸವನ್ನು ಇಲ್ಲಿ ತಂದು ಸುರಿಯುವುದು 2023ರಲ್ಲಿ ನಿಂತಿತು. ಆ ಹೊಗೆ, ಆ ವಾಸನೆಯಲ್ಲಿ ಬದುಕಿದವರು ಈ ಸಭೆಯಲ್ಲಿದ್ದೀರಿ. ಈಗ ಆ ನೆಲ ಏನಾಗಬೇಕು? ಮಾಹೀಮಿನಲ್ಲಿ ಧಾರಾವಿಯ ಪಕ್ಕ, ಮೀಠಿ ನದಿಯ ದಂಡೆಯ ಮೇಲೆ ಮುಂಬಯಿಯ ಕಸ ಸುರಿಯುತ್ತಿದ್ದ ಜಾಗವೊಂದಿತ್ತು. ಅಲ್ಲಿ ಮಣ್ಣು ಹರಡಿ, ಮರ ಬೆಳೆಸಿ, 1994ರಲ್ಲಿ ಮಹಾರಾಷ್ಟ್ರ ನಿಸರ್ಗ ಉದ್ಯಾನ ಎಂದು ತೆರೆದರು. 37 ಎಕರೆಯ ಆ ಕಸದ ನೆಲದಲ್ಲಿ ಇಂದು ಕಾಡಿನಂಥ ನೆರಳಿದೆ, ಹಕ್ಕಿ ಚಿಟ್ಟೆಗಳನ್ನು ನೋಡಲು ಶಾಲೆಯ ಮಕ್ಕಳು ಬರುತ್ತಾರೆ. ಮುಂಬಯಿಯಲ್ಲಿ ಆದದ್ದು ದಿವಾದಲ್ಲಿ ಆಗಬಾರದು ಎಂದೇನಿಲ್ಲ. ಇಲ್ಲಿಯ ಆಗ್ರಿ, ಕೋಳಿ ಬಂಧುಗಳ ಜೊತೆ ಸೇರಿ ನಾವೂ ಇದನ್ನು ಕೇಳಬೇಕು. ಇಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ನೆಲದ ಬಗ್ಗೆ ಮಾತಾಡುವ ಹಕ್ಕೂ ಇದೆ, ಹೊಣೆಯೂ ಇದೆ.

ಈ ಉಪನ್ಯಾಸ ಏರ್ಪಡಿಸಿದ ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಸಮಾರಂಭಗಳಲ್ಲಿ ಅತಿಥಿಗಳಿಗೆ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ಕೊಡುವುದನ್ನು ಬಿಟ್ಟು ಕರಿಬೇವಿನ ಸಸಿ ಕೊಡಿ. ಜುಲೈಯ ವನಮಹೋತ್ಸವದಲ್ಲಿ ಚಂದದ ಗಿಡಗಳ ಜೊತೆ ಬಿಲ್ವ, ಸಂಪಿಗೆ, ಅತ್ತಿ, ಕೇಪಳ ಇರುವಂತೆ ನೋಡಿಕೊಳ್ಳಿ. ನಿಮ್ಮಲ್ಲಿ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ ಇನ್ನೂ ಚಿಕ್ಕದು. ಈ ಮಳೆಗಾಲದಲ್ಲಿ ನಿಮ್ಮ ಗ್ರಿಲ್ಲಿನ ಕರಿಬೇವಿನ ಎಲೆಯಲ್ಲಿ ತೂತು ಕಂಡರೆ ಔಷಧ ಹೊಡೆಯಬೇಡಿ. ಮನೆಯ ಮಕ್ಕಳನ್ನು ಕರೆದು, ಎಲೆಯ ಅಡಿಭಾಗವನ್ನು ತಿರುಗಿಸಿ ತೋರಿಸಿ.